ಮೊದಲೇ ಕೆಳಗಿದ್ದವಳು

ಬೆಂಕಿ ಬಿದ್ದರೆ ಹೇಗೆ ಓಡಬೇಕೆಂದು ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ತಿಂಗಳಿಗೊಮ್ಮೆ ಕಲಿಸುತ್ತಾರೆ. ಕಲಿಸುವವರು ಸೇಫ್ಟಿ ಆಫೀಸರ್. ಕೊರಳಲ್ಲಿ ಸದಾ ಪೀಪಿ ನೇತಾಡುವುದರಿಂದ ನಮ್ಮ ಬಾಯಲ್ಲಿ ಅವರು ಪೀಪಿ ಸಾಹೇಬರು. ಸೈರನ್ ಕೂಗಿದ ಕೂಡಲೇ ಮೇಲಿನ ಮಹಡಿಯ ನಾವೆಲ್ಲ ಮಷೀನು ಬಿಟ್ಟು, ಮೆಟ್ಟಿಲಿಳಿದು ಅಂಗಳ ಸೇರಬೇಕು. ಎಲ್ಲರಿಗಿಂತ ಬೇಗ ಇಳಿಸಿದ ಕಾರ್ಖಾನೆಗೆ ವರ್ಷಕ್ಕೊಂದು ಶೀಲ್ಡು. ಅದು ಪ್ರತಿ ಸಲ ನಮಗೇ.

ಅದರ ಗುಟ್ಟು ನನ್ನ ಮಂಡಿ. ಎರಡೂ ಸವೆದುಹೋಗಿವೆ. ಕಂಬಿ ಹಿಡಿದು ನಾನು ಇಳಿಯತೊಡಗಿದರೆ ಇಡೀ ಮಹಡಿ ನನ್ನ ಬೆನ್ನ ಹಿಂದೆ ಸಾಲು ನಿಲ್ಲಬೇಕು. ಅದಕ್ಕೆ ಸಾಹೇಬರು ಉಪಾಯ ಹುಡುಕಿದರು. ಡ್ರಿಲ್ ದಿನ ನನ್ನನ್ನು ಮೊದಲೇ ಲಿಫ್ಟಿನಲ್ಲಿ ಇಳಿಸಿ, ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರಿಸುವುದು. ಆಮೇಲೆ ಸೈರನ್. ಎಂಥ ತಲೆ ನೋಡಿ. ಸುಳ್ಳು ಯಾಕೆ ಹೇಳಲಿ, ನನಗೂ ಸುಖವಾಗಿಯೇ ಇತ್ತು. ಎಲ್ಲರೂ ಏದುಸಿರು ಬಿಡುತ್ತಾ ಬರುವಾಗ ನಾನು ಬೀಗಿತ್ತಿಯ ಹಾಗೆ ಕೂತಿರುತ್ತಿದ್ದೆ.

ಬೆಂಕಿ ಮಾತ್ರ ಹೇಳಿ ಕಳಿಸಲಿಲ್ಲ. ಒಂದು ಬೆಳಿಗ್ಗೆ ಕೆಳಗಿನ ಇಸ್ತ್ರಿ ವಿಭಾಗದಿಂದ ಹೊಗೆ ಎದ್ದಿತು. ಸೈರನ್ ಕೂಗಿತು, ಲಿಫ್ಟು ನಿಂತಿತು. ಕಲಿತ ಪಾಠ ತಪ್ಪದೆ ಎಲ್ಲರೂ ದಡದಡ ಇಳಿದರು. ನಾನು ಮೇಜು ಹಿಡಿದು ಏಳುವಷ್ಟರಲ್ಲಿ ಮಹಡಿ ಖಾಲಿ. ಕೂಗಿದೆ. ಸೈರನ್ ಮುಂದೆ ನನ್ನ ದನಿ ಯಾರಿಗೆ ಕೇಳಬೇಕು? ಹೊಲಿಯುತ್ತಿದ್ದ ಅಂಗಿಯನ್ನೇ ಮೂಗಿಗೆ ಒತ್ತಿಕೊಂಡು, ಮೆಟ್ಟಿಲ ಮೇಲೆ ಕೂತು, ಕೂತಂತೆಯೇ ಒಂದೊಂದಾಗಿ ಜಾರುತ್ತಾ ಇಳಿದೆ.

ಅಂಗಳಕ್ಕೆ ಬಂದರೆ ಚಪ್ಪಾಳೆ. ನನಗಲ್ಲ. ಹಾಜರಿ ಕೂಗಿ ಮುಗಿಸಿ, ಎಲ್ಲರೂ ಕ್ಷೇಮ ಎಂದು ಸಾಹೇಬರು ಆಗಷ್ಟೇ ಸಾರಿದ್ದರು. ನನ್ನ ಹೆಸರು ಕೂಗಿದಾಗ, ಅದೇ ಮಹಡಿಯ ಆ ತುದಿಯಲ್ಲಿ ಗುಂಡಿ ಹಾಕುವ ನನ್ನ ಒಡಹುಟ್ಟಿದ ತಂಗಿ, ಬೆಂಚಿನ ಕಡೆ ತಿರುಗಿಯೂ ನೋಡದೆ, ಅಕ್ಕ ಇದ್ದಾಳೆ ಅಂದಿದ್ದಳಂತೆ.

ಮಸಿ ಮೆತ್ತಿದ ನನ್ನನ್ನು ಕಂಡು ಸಾಹೇಬರ ಮುಖ ಬಿಳಿಚಿಕೊಂಡಿತು. ಬಾಯಿ ಮಾತ್ರ ಹಳೇ ಅಭ್ಯಾಸ ಬಿಡಲಿಲ್ಲ.

"ಏನಮ್ಮಾ ನೀವು, ಮೊದಲೇ ಕೆಳಗೆ ಬಂದು ಕೂತ್ಕೋಬೇಕು ಅಂತ ಎಷ್ಟು ಸಲ ಹೇಳೋದು?"

ಮೈಯೆಲ್ಲ ಉರಿದುಹೋಯಿತು. "ನಿಮ್ಮ ಬೆಂಕಿ ನಿಮಗೆ ಹೇಳಿ ಬರುತ್ತೆ ಸಾರ್. ಇದು ನನಗೆ ಹೇಳಿರಲಿಲ್ಲ" ಅಂದೆ.

ತಂಗಿ ನನ್ನ ಕಾಲ ಬಳಿ ಕುಸಿದು ಕೂತಳು. "ನೀನು ಯಾವಾಗ್ಲೂ ಮೊದ್ಲೇ ಇಲ್ಲಿರ್ತೀಯಲ್ಲಕ್ಕಾ" ಎಂದು ಅತ್ತಳು. ನನಗೂ ಅಳು ಬಂತು.

ಮುಂದಿನ ಡ್ರಿಲ್ ದಿನ ಸಾಹೇಬರೇ ಲಿಫ್ಟಿಗೆ ಕರೆಯಲು ಬಂದರು. ಏಳುವುದಿಲ್ಲ ಅಂದೆ. ಶೀಲ್ಡು ಕೈ ತಪ್ಪುತ್ತದೆ ಎಂದು ಗೋಗರೆದರು. ತಪ್ಪಲಿ ಅಂದೆ. ಸೈರನ್ ಕೂಗಿದಾಗ ತಂಗಿ ಮೆಟ್ಟಿಲ ಕಡೆ ಓಡಲಿಲ್ಲ, ನನ್ನ ಕಡೆ ಓಡಿ ಬಂದಳು. ಅವಳ ಹೆಗಲು ಹಿಡಿದು ಎಲ್ಲರಿಗಿಂತ ಕೊನೆಗೆ ಅಂಗಳ ಸೇರಿದೆ.

ಈ ವರ್ಷದ ಶೀಲ್ಡು ಪಕ್ಕದ ಕಾರ್ಖಾನೆಯ ಪಾಲಾಯಿತು. ಅಲ್ಲಿ ಮಂಡಿ ನೋವಿನವರನ್ನು ಎಲ್ಲಿ ಕೂರಿಸಿದ್ದರೋ, ಪಾಪ.