ಫರ್ಸಿ ತೊಟ್ಟಿಯ ಮೀಸೆ ಮೀನು

“ದಾರಿ ಬಿಡ್ರಿ, ದಾರಿ ಬಿಡ್ರಿ,” ಎನ್ನುತ್ತ ನೆರೆಮನೆಯ ಗುಲಾಮ ದಸ್ತಗೀರ ಗೋಣಿಚೀಲದಲ್ಲಿ ಸುತ್ತಿದ ಬರ್ಫದ ಗಡ್ಡೆ ಹೊತ್ತು ಒಳಗೆ ನುಗ್ಗಿದ. ಹೊರಸಿನ ಮೇಲೆ ಭೀಮಶ್ಯಾ ಮಲಗಿದ್ದ. ಶಹಾಬಾದದ ಗಣಿಯಲ್ಲಿ ಜೀವಮಾನವೆಲ್ಲ ಫರ್ಸಿ ಕಲ್ಲು ಸೀಳಿದವನು ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಂತಲ್ಲೇ ಹೋಗಿದ್ದ. ತಮ್ಮ ವಿಠೋಬಾ ಮುಂಬಯಿಯಿಂದ ಬರುವವರೆಗೆ ಮೇ ತಿಂಗಳ ಧಗೆಯಲ್ಲಿ ಹೆಣ ಇಟ್ಟುಕೊಂಡು ಕಾಯಬೇಕಿತ್ತು. ಹೊರಸಿನ ಕೆಳಗಿನ ಬೋಗಾಣಿಗಳಲ್ಲಿ ರಾತ್ರಿಯ ಬರ್ಫ ನೀರಾಗಿತ್ತು.

“ಈ ನೀರ ಎಲ್ಲಿ ಚೆಲ್ಲೋದು?” ಎಂದ ದಸ್ತಗೀರ.

“ಹೊರಗ ಮಂದಿ ಕುಂತದ. ರಾತ್ರಿ ಎಲ್ಲಿ ಚೆಲ್ಲೀನಿ, ಅಲ್ಲೇ,” ಎಂದು ಸತ್ತವನ ಅಕ್ಕ ಸುಂದರಮ್ಮ ಬೋಗಾಣಿ ಎತ್ತಿ, ಬರ್ಫದ ಚೂರಿನ ಸಮೇತ ಮೂಲೆಯ ಮೀನಿನ ತೊಟ್ಟಿಗೆ ಸುರಿದಳು. “ಸತ್ತರ ಸಾಯಲಿ.”

“ಧಣಿಗೂ ಬರ್ಫ, ಮೀನಕ್ಕೂ ಬರ್ಫ,” ಎಂದ ದಸ್ತಗೀರ. ಅಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು.

ಹೆಂಡತಿ ಪೀರಮ್ಮ ಅಳುತ್ತಿರಲಿಲ್ಲ.

*

ಒಂಬತ್ತು ವರ್ಷದ ಹಿಂದೆ ಭೀಮಶ್ಯಾ ತಮ್ಮನ ಮನೆಗೆ ಮುಂಬಯಿಗೆ ಹೋಗಿದ್ದ. ಹೋದವರೆಲ್ಲ ಸೀರೆ ತರುತ್ತಾರೆ; ಇವನು ತಂದದ್ದು ಎಣ್ಣೆಡಬ್ಬಿಯಲ್ಲಿ ಆರು ಮೀನು. ಬಣ್ಣವಿಲ್ಲ, ತಿನ್ನಲೂ ಬರುವುದಿಲ್ಲ, ಬಾಯಿಗೆ ಮೀಸೆ ಬೇರೆ. ಅಂಗಡಿಯವನು ‘ಕೋರಿಡೋರಾಸ್’ ಎಂದಿದ್ದನಂತೆ. ಮೂರು ಬದಿ ಫರ್ಸಿ, ಮುಂದೆ ಗಾಜು ಕೂಡಿಸಿ ತೊಟ್ಟಿ ಮಾಡಿದ.

“ಏನ ತಿಂತಾವ?” ಎಂದು ಪೀರಮ್ಮ ಕೇಳಿದ್ದಳು.

“ತಳದಾಗ ಕುಂತು, ಬಿದ್ದದ್ದು ತಿಂತಾವ.”

“ಥೇಟ್ ನಿಮ್ಮಂಗೇ.”

ಅವನಿಗೆ ಅವುಗಳ ಮರಿ ಬೇಕಿತ್ತು. ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ. ಮೊದಲ ಮಳೆಯ ತಂಪು ತಾಗಿದರೆ ತತ್ತಿ ಇಡುತ್ತವೆ ಎಂದು ಯಾರೋ ಹೇಳಿದ್ದರು. ಶಹಾಬಾದದ ಮಳೆ ಕಾದ ಫರ್ಸಿಯ ಮೇಲೆ ಬಿದ್ದು ಚಹಾದಷ್ಟು ಬೆಚ್ಚಗೆ ತೊಟ್ಟಿಗೆ ಬರುತ್ತಿತ್ತು. ಪೀರಮ್ಮ ತಲೆಯ ಮೇಲೆ ಕಲ್ಲು ಹೊತ್ತು ಬಂದು ಒಲೆ ಹಚ್ಚುವಾಗ ಇವನು ಗಾಜಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿರುತ್ತಿದ್ದ. ಮನೆಗೆ ಕೋಳಿಮೊಟ್ಟೆ ಬಂದರೆ ಬಿಳಿಯದು ಮಗಳು ಮಾಣಿಕಮ್ಮನಿಗೆ. ಹಳದಿಯನ್ನು ಒಣಗಿಸಿ ಡಬ್ಬಿಯಲ್ಲಿಡುತ್ತಿದ್ದ, ಹುಟ್ಟದ ಮರಿಗಳಿಗೆ.

ಒಂದೇ ಸಲ ತತ್ತಿ ಇಟ್ಟಿದ್ದವು. ಅವನು ಗಣಿಯಿಂದ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

“ಹಡದವೇ ತಿಂದಾವ. ಬೆರಳಿಲೆ ಬಿಡಿಸಿ ಬ್ಯಾರೆ ಇಡಬೇಕಿತ್ತು,” ಎಂದಿದ್ದ.

“ನಿಮ್ಮ ಕೈಯಾಗ ಕೊಡೋಕಿಂತ ತಿನ್ನೋದ ಚಲೋ ಅಂತ ತಿಳದಾವ,” ಎಂದಿದ್ದಳು ಪೀರಮ್ಮ.

*

ಮಧ್ಯಾಹ್ನ ವಿಠೋಬಾ ಬಂದ. ಅಣ್ಣನ ಪಾದ ಮುಟ್ಟಿದ, ಅತ್ತ, ಗಡಿಯಾರ ನೋಡಿಕೊಂಡ. ಹೆಣಕ್ಕೆ ಸ್ನಾನವಾಯಿತು. ಸಾವಿನ ಮನೆಯಲ್ಲಿ ತುಂಬಿಟ್ಟ ನೀರು ಉಳಿಯಬಾರದು. ಹೆಣ ಎತ್ತುವ ಮೊದಲು ಕೊಡ, ಹಂಡೆ ಎಲ್ಲ ಬೋರಲಾದವು.

“ಇದೂ ನೀರೇ ಅಲ್ಲೇನ?” ವಿಠೋಬಾ ತೊಟ್ಟಿ ತೋರಿಸಿದ. “ಎಂಥಾ ಮನಿಶ್ಯಾ ಇದ್ದನೋ ನಮ್ಮಣ್ಣ! ಮೀನ ಸಾಕಿ ಸತ್ತ.”

“ಚೆಲ್ರಿ,” ಎಂದಳು ಪೀರಮ್ಮ. “ನನಗೂ ಸಾಕಾಗ್ಯದ.”

ಮೇಲೆ ಮುಚ್ಚಿದ್ದ ಗೋಣಿತಟ್ಟು ಎಳೆಯಲು ತಾನೇ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

ಗಾಜಿನ ತುಂಬ ತತ್ತಿ. ಸಾಬೂದಾಣಿಗಿಂತ ಸಣ್ಣವು, ಅಂಟಿಕೊಂಡಿದ್ದವು. ಹೆಣ್ಣೊಂದು ಹೊಟ್ಟೆಯ ರೆಕ್ಕೆಗಳ ನಡುವೆ ಇನ್ನೂ ನಾಲ್ಕಾರು ಹಿಡಿದು ಜಾಗ ಹುಡುಕುತ್ತಿತ್ತು.

“ಬರ್ಫದ ನೀರಿಗೆ ಮಳಿ ಬಂತಂತ ತಿಳಕೊಂಡಾವ, ಭಾಬಿ,” ಎಂದ ದಸ್ತಗೀರ.

“ಅವು ಸಾಯಲಿ ಅಂತ ನಾ ಸುರದೀನಿ!” ಎಂದಳು ಸುಂದರಮ್ಮ, ತನ್ನ ಮೇಲೆ ತಪ್ಪು ಬಂದವಳಂತೆ.

“ಹಲ್ಕಟ್‌ಗೋಳೇ,” ಎಂದಳು ಪೀರಮ್ಮ ಗಾಜಿಗೆ. “ಅಂವ ಹೆಣ ಆಗೋತನ ತಡದೀರೇನ?”

ಒಂದು ತಂಬಿಗೆ ತಂದು ತೊಟ್ಟಿಯ ನೀರನ್ನೇ ತುಂಬಿಕೊಂಡಳು. ಮೊಣಕೈವರೆಗೆ ಕೈ ಇಳಿಸಿ ಒಂದೊಂದೇ ತತ್ತಿ ಬೆರಳಿಂದ ಉರುಳಿಸಿ ಬಿಡಿಸತೊಡಗಿದಳು. ಕಲ್ಲು ಹೊತ್ತು ಒರಟಾದ ಬೆರಳಿಗೂ ಅವು ಒಡೆಯಲಿಲ್ಲ. ಮೀನೊಂದು ಬಂದು ಒಂದನ್ನು ನುಂಗಿತು. ಅದರ ಮೂತಿಗೆ ಹೊಡೆದಳು.

“ವೈನಿ, ಮಂದಿ ನಿಂತದ. ಹೊತ್ತ ಹೋಗಾಕತ್ತದ,” ಎಂದ ವಿಠೋಬಾ.

“ನಿಲ್ಲಲಿ. ನನಗ ಒಂಬತ್ತ ವರ್ಷ ನಿಲ್ಲಿಸ್ಯಾನ.”

ಕೊನೆಯದು ಬಿಡಿಸಿ ಎದ್ದಳು. “ಈಗ ಚೆಲ್ರಿ.”

ವಿಠೋಬಾ ಮತ್ತು ಇನ್ನಿಬ್ಬರು ತೊಟ್ಟಿ ವಾಲಿಸಿದರು. ನೀರು ಹೊಸ್ತಿಲು ದಾಟಿ ಗಟಾರಕ್ಕೆ ಹರಿಯಿತು. ದಸ್ತಗೀರ ಎಲ್ಲರಿಗೂ ಬೈಯುತ್ತ, ಹಿಂದೆ ಓಡಿ, ವಿಲವಿಲ ಒದ್ದಾಡುವ ಮೀನುಗಳನ್ನು ಬೋಗಾಣಿಗೆ ಹಾಕಿಕೊಂಡ.

ಹೆಂಗಸರು ಪೀರಮ್ಮನನ್ನು ಹೆಣದ ಬದಿಗೆ ಕೂಡಿಸಿದರು. ಸುಂದರಮ್ಮ ಅವಳ ಎಡಗೈ ಎಳೆದು ಕಲ್ಲಿಗೆ ಕುಟ್ಟಿದಳು. ಹಸಿರು ಬಳೆ ಚೂರಾದವು.

“ಆ ಕೈ ಕೊಡು.”

ಬಲಗೈ ತಂಬಿಗೆ ಹಿಡಿದಿತ್ತು.

“ಮದಲ ಇದನ್ನ ಯಾರರ ಹಿಡೀರಿ. ನೆಲಕ್ಕ ಇಟ್ರ ಒದ್ದು ಚೆಲ್ತೀರಿ.”

ಯಾರೂ ಕೈ ಚಾಚಲಿಲ್ಲ. ಪೀರಮ್ಮ ಮಗಳ ಕಡೆ ನೋಡಿದಳು.

“ನನಗ ತತ್ತಿದು ಬರೇ ಬೆಳ್ಳಂದು ತಿನಿಸ್ಯಾನ,” ಎಂದು ಮಾಣಿಕಮ್ಮ ಮುಖ ತಿರುಗಿಸಿದಳು.

ಹೊರಗೆ ಹಲಗೆ ಬಾರಿಸತೊಡಗಿದರು. ಚಟ್ಟ ಎದ್ದಿತು. ಪೀರಮ್ಮ ಓಣಿಯ ತುದಿಯವರೆಗೆ ಹಿಂದೆ ನಡೆದಳು, ಒಂದು ಕೈ ಬೋಳು. ಇನ್ನೊಂದು ಕೈಯ ಬಳೆಗಳು ಹೆಜ್ಜೆಹೆಜ್ಜೆಗೂ ತಂಬಿಗೆಗೆ ತಾಗಿ ಸದ್ದು ಮಾಡುತ್ತಿದ್ದವು.