ಕೆಳಸಾಲಿನ ನಾಲ್ಕು

ಕೀಲಿಮಣೆಯ ಮೇಲೆ ಬೆರಳು ಇಟ್ಟದ್ದು ಒಂದೇ, ಎದ್ದದ್ದು ನಾಲ್ಕು ದನಿ, ಸೆಲುವಾಯಾ ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಹಿಂದಕ್ಕೆಳೆದುಕೊಂಡಳು, ದನಿಗಳೂ ನಿಂತವು, ಮತ್ತೆ ಇಟ್ಟಳು, ಮತ್ತೆ ನಾಲ್ಕೂ ಎದ್ದವು, ನಲವತ್ತು ಜನರನ್ನು ಚರ್ಚಿನ ಹಜಾರದಲ್ಲಿ ಮೂರು ಮೂರು ತಿಂಗಳು ಕೂರಿಸಿ, ಬೈದು, ಗೆಣಸು ಬೇಯಿಸಿ ಹಾಕಿ ಹೊರಡಿಸುತ್ತಿದ್ದದ್ದು ಇದನ್ನೇ, ಮತ್ತು ತಮ್ಮನ ಮಗಳು ಲೊಸಾಲೀನೆ ಪಕ್ಕದಲ್ಲಿ ನಗುತ್ತಿದ್ದಾಳೆ, ಒಂದು ಬೆರಳು ಸಾಕು ಅತ್ತೆ, ಉಳಿದ ಒಂಬತ್ತನ್ನ ತೊಡೆ ಮೇಲೆ ಇಟ್ಕೊಂಡು ಕೂತ್ಕೊಳ್ಳಿ, ಇದು ಪ್ಲಗಿನ್ನು, ನೀವು ಒಂದು ಸ್ವರ ಕೊಟ್ರೆ ಜೊತೆಗೆ ನುಡಿಯೋ ಮಿಕ್ಕ ಮೂರು ಅದೇ ಹುಡುಕ್ಕೊಳ್ಳತ್ತೆ — ಹುಡುಕಿಕೊಳ್ಳುತ್ತದಂತೆ, ಎಲ್ಲಿಂದ, ಕೆಳದನಿಯ ಗಂಡಸರೆಲ್ಲ ನ್ಯೂಜಿಲೆಂಡಿನ ತೋಟಗಳಲ್ಲಿ ಸೇಬು ಕೀಳುತ್ತಿದ್ದಾರೆ, ಡಿಸೆಂಬರಿಗೆ ಚರ್ಚಿಗೆ ನೂರು ವರ್ಷ, ಕೆಳದನಿ ಇಲ್ಲದ ಹಾಡು ತಳವಿಲ್ಲದ ದೋಣಿ, ಅದಕ್ಕೇ ಈ ಲ್ಯಾಪ್‌ಟಾಪು, ಅದಕ್ಕೇ ಪೆಟ್ಟಿಗೆಯ ತಳದಿಂದ ಈ ಹಳೆಯ ಪುಸ್ತಕ, ಅವಳದೇ ಅಕ್ಷರ, ಸ್ವರಕ್ಕೊಂದು ಅಂಕಿ, ಏಳು ಸ್ವರಕ್ಕೆ ಮೂರರಿಂದ ಒಂಬತ್ತು, ದನಿಗೊಂದು ಸಾಲು, ಹತ್ತೊಂಬತ್ತು ವರ್ಷದಿಂದ ಯಾರೂ ತೆರೆಯದ ಪುಟ — ಆ ಹಾಡು ಬೇಡ ಎಂದು ವೈಸಿಮಾ ಆವತ್ತೇ ಹೇಳಿಬಿಟ್ಟಿದ್ದ, ಮೇಳ ನಡೆಸುತ್ತಿದ್ದವನು ಅವನು, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದವಳು ಇವಳು — ಹೊರಗೆ ಜಗಲಿಯಲ್ಲಿ ತಮ್ಮ ಫೆಲೆಟಿ ತೆಂಗಿನಕಾಯಿ ತುರಿಯುತ್ತಿದ್ದಾನೆ, ಖರ್ ಖರ್, ನಾಳೆ ಭಾನುವಾರ, ಕೆಲಸ ಮಾಡುವಂತಿಲ್ಲ, ಅಕ್ಕ ಒಳಗಿದ್ದಾಳೆಂದು ಅವನು ಬಾಗಿಲು ದಾಟುವುದಿಲ್ಲ, ಅಕ್ಕ ತಮ್ಮಂದಿರಿಗೆ ಈ ದ್ವೀಪದ ಕಟ್ಟಳೆ ಅದು, ಹನ್ನೆರಡು ವರ್ಷವಾದಾಗಿನಿಂದ ಅಕ್ಕನಿದ್ದ ಕೋಣೆಗೆ ಕಾಲಿಟ್ಟವನಲ್ಲ, ಎದುರಿಗೆ ದನಿ ಎತ್ತಿದವನಲ್ಲ, ಇಬ್ಬರೂ ಒಂದೇ ಸೂರಿನ ಕೆಳಗೆ ನಿಲ್ಲುತ್ತಿದ್ದದ್ದು ಹಾಡುವಾಗ ಮಾತ್ರ, ಅದೂ ಹತ್ತೊಂಬತ್ತು ವರ್ಷದ ಹಿಂದೆ ಮುಗಿಯಿತು — ಮೂರನೇ ಚರಣ ಅತ್ತೆ, ಮೇಲಿನ ಸಾಲು ಮಾತ್ರ ನೋಡ್ಕೊಂಡು ಒತ್ತಿ — ಐದು, ಐದು, ಆರು, ನಾಲ್ಕು, ಪ್ರತಿ ಒತ್ತಿಗೂ ಪರದೆಯ ಮೇಲೆ ನಾಲ್ಕು ಚುಕ್ಕಿ, ಹುಡುಗಿ ಅತ್ತೆಗೆಂದು ಚುಕ್ಕಿಗಳಿಗೆ ನಮ್ಮ ಅಂಕಿಗಳನ್ನೇ ಅಂಟಿಸಿದ್ದಾಳೆ, ಕೊನೆಗೆ ಒಂಬತ್ತು, ಪರದೆಯಲ್ಲಿ ಮೇಲಿನಿಂದ ಒಂಬತ್ತು, ಏಳು, ನಾಲ್ಕು, ಏಳು, ಪುಸ್ತಕದಲ್ಲಿ ಒಂಬತ್ತು, ಏಳು, ನಾಲ್ಕು, ನಾಲ್ಕು — ನಿನ್ನ ಡಬ್ಬ ತಪ್ಪು ಹೇಳ್ತಿದೆ ಲೊಸಾ, ಕೆಳಗಡೆ ನಾಲ್ಕು ಬರಬೇಕು — ಡಬ್ಬಕ್ಕೆ ಬೇಜಾರಾಗತ್ತೆ ಅತ್ತೆ, ಇರಿ, ನಿಮ್ಮ ನಾಲ್ಕನ್ನೇ ಕೂರಿಸ್ತೀನಿ — ಹುಡುಗಿ ಕೆಳಗಿನ ಚುಕ್ಕಿಯನ್ನು ಎಳೆದಳು, ಈಗ ಒತ್ತಿ, ಒತ್ತಿದಳು, ಮತ್ತು ನೆಲ ಹೋಯಿತು. ಅದೇ ಸದ್ದು. ಹತ್ತೊಂಬತ್ತು ವರ್ಷದ ಹಿಂದಿನ ಹಾಡಿನ ಪಂದ್ಯದ ಸದ್ದು, ಟೊಳ್ಳು, ಮನೆಯ ಕಂಬ ಕಿತ್ತ ಹಾಗೆ, ತೀರ್ಪುಗಾರರು ತಲೆ ಎತ್ತಿದ್ದರು, ಫೆಲೆಟಿಯ ಬಾಯಿ ಅಗಲವಾಗಿ ತೆರೆದಿತ್ತು, ಕೆಳದನಿಯ ಉಳಿದ ಆರು ಜನ ಒಂದು ಕಡೆ, ಅವನೊಬ್ಬ ಇನ್ನೊಂದು ಕಡೆ, ಕಣ್ಣು ಜೊತೆಗೆ ಒಯ್ದಿದ್ದ ಹಲಗೆಯ ಮೇಲೆ — ಹಲಗೆಯ ಮೇಲೆ — ಆ ಚರಣದ ಕೊನೆಯನ್ನು ವೈಸಿಮಾ ಬದಲಿಸಿದ್ದು ಹೊರಡುವ ದಿನ ಮಧ್ಯಾಹ್ನ, ಅವನ ಚೀಟಿಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಹಲಗೆಗೆ, ಅವಸರ, ಪಕ್ಕದ ಶಾಲೆಯಲ್ಲಿ ಬ್ಯಾಂಡಿನವರ ತುತ್ತೂರಿ, ಒಂದೇ ಸಲ ಹಾಡಿದ್ದು, ಯಾರಿಗೂ ಏನೂ ಕೇಳಿಸಲಿಲ್ಲ, ಚೀಟಿಯ ಮೂರನೇ ಸಾಲನ್ನು ಎರಡು ಸಲ ನೋಡಿದೆನೇ, ಗಂಡಸರ ಮೇಲ್ದನಿಯ ಅಂಕಿಯನ್ನು ಕೆಳದನಿಗೂ ಇಳಿಸಿದೆನೇ, ಉಳಿದವರು ಅಂಕಿ ನೋಡಲೇ ಇಲ್ಲ, ಅಂಥ ಕೊನೆಗಳನ್ನು ಸಾವಿರ ಸಲ ಹಾಡಿದವರು, ಕಿವಿ ಕರೆದಲ್ಲಿಗೆ ಹೋದರು, ಅವನೊಬ್ಬನೇ ಬರೆದದ್ದನ್ನು ಹಾಡಿದ, ಬರೆದವಳು ಅಕ್ಕ — ರಾತ್ರಿಯೆಲ್ಲ ಕಾವಾ ಕುಡಿದು ಬಂದಿರಬೇಕು ಎಂದು ವೈಸಿಮಾ ಎಲ್ಲರ ಮುಂದೆ ಅಂದ, ಆಗ ಇವಳು, ಇದೇ ಬಾಯಿಂದ, ನನ್ನ ಹಲಗೆಯಲ್ಲಿ ತಪ್ಪಿರಲಿಲ್ಲ ಎಂದಳು, ಫೆಲೆಟಿ ನೆಲ ನೋಡುತ್ತಿದ್ದ, ಅಂಗಿಯ ಮೇಲೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆ ಬಿಚ್ಚಿ, ಮಡಚಿ, ಕಂಕುಳಲ್ಲಿಟ್ಟುಕೊಂಡು ನಡೆದುಹೋದ, ಆಮೇಲೆ ಮೇಳಕ್ಕೆ ಬರಲಿಲ್ಲ, ತಾಯಿಯ ಹೆಣದ ಮುಂದೆಯೂ ಅವನ ದನಿ ಹೊರಡಲಿಲ್ಲ, ಎಂಥ ಸೊಕ್ಕು ಅಂದುಕೊಂಡಿದ್ದಳು, ಹತ್ತೊಂಬತ್ತು ವರ್ಷ ಅಂದುಕೊಂಡಿದ್ದಳು — ಅತ್ತೆ, ಯಾಕೆ ಹೀಗಾದ್ರಿ, ನೀರು ತರ್ಲಾ — ಏನಿಲ್ಲ, ಹೋಗಿ ನಿಮ್ಮಪ್ಪನಿಗೆ ಹೇಳು — ಏನಂತ ಹೇಳ್ಲಿ — ಏನಂತ, ಒಂದು ಅಂಕಿ ತಪ್ಪಿತ್ತು ಅಂತಲೇ, ಇದನ್ನೂ ಮಗಳ ಬಾಯಲ್ಲೇ ಕಳಿಸಬೇಕೇ, ಬೆರಳು ಇನ್ನೂ ಕೀಲಿಯ ಮೇಲಿದೆ, ಒತ್ತಿ ಹಿಡಿದಷ್ಟು ಹೊತ್ತೂ ಸದ್ದು ಇರುತ್ತದಂತೆ, ಇದಕ್ಕೆ ಉಸಿರು ಕಟ್ಟುವುದಿಲ್ಲ, ಆ ಟೊಳ್ಳು ಕೋಣೆ ತುಂಬಿ ಬಾಗಿಲು ದಾಟಿ ಹೋಗುತ್ತಿದೆ, ಜಗಲಿಯಲ್ಲಿ ಖರ್ ಖರ್ ನಿಂತಿದೆ, ಯಾವಾಗ ನಿಂತಿತು, ಮತ್ತು ಹೊರಗಿನಿಂದ ಫೆಲೆಟಿ, ಮಗಳಿಗೆ, ಅಕ್ಕನಿಗಲ್ಲ, ಮೆಲ್ಲಗೆ, ಅದು ಏಳು ಲೊಸಾ, ಏಳು ಮಾಡು, ಅತ್ತೆಗೆ ಮುಂದೆ ಹೋಗೋಕೆ ಹೇಳು — ಅವನಿಗೆ ಗೊತ್ತಿತ್ತು, ಹಾಡುವಾಗಲೇ ಗೊತ್ತಿತ್ತು, ಏಳೆಂದು ಗೊತ್ತಿದ್ದೂ ನಾಲ್ಕು ಹಾಡಿದ — ಅತ್ತೆ, ಬೆರಳು ತೆಗೀರಿ, ಏಳು ಮಾಡ್ತೀನಿ — ತೆಗೆಯಬೇಕು, ತೆಗೆದರೆ ಸದ್ದು ನಿಲ್ಲುತ್ತದೆ, ನಿಂತರೆ ಏನಾದರೂ ಹೇಳಬೇಕು, ಹಲಗೆ, ಕಪ್ಪು ಹಲಗೆ, ಕೆಳಸಾಲು, ಕೊನೆಯ ಮನೆ, ಸೀಮೆಸುಣ್ಣ ಒತ್ತಿ ಬರೆದ, ದುಂಡಗಿನ, ಬಿಳಿಯ, ನಾಲ್ಕು