ಹಿಂದಿನ ಚಕ್ರಗಳಿಗೆ ನಿವೃತ್ತಿ

ಅತ್ತೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಹತ್ತು ವರ್ಷದಿಂದ ವಾರಕ್ಕೆ ಮೂರು ದಿನ ರೋಗಿಗಳನ್ನು ಡಯಾಲಿಸಿಸ್‌ಗೆ ಕರೆದೊಯ್ದು, ಒಂದು ದಿನವೂ ತಡಮಾಡದ ಹೆಂಗಸಿಗೆ ಅಷ್ಟೂ ಕೋಪ ಬೇಡವೇ? ಅವಳದು ನಾಲ್ಕೂ ಚಕ್ರಗಳು ಎಳೆಯುವ ವ್ಯಾನು. ಅದು ಹಿಂದಿನಿಂದ ಊಳಿಡತೊಡಗಿದಾಗ ಸರ್ವಿಸ್ ಸೆಂಟರಿನವರು, ಹಿಂದಿನ ಗೇರ್ ಡಬ್ಬಿ ಸವೆದಿದೆ, ಪೂರ್ತಿ ಹೊಸದೇ ಆಗಬೇಕು ಎಂದು ಅಂದಾಜು ಪಟ್ಟಿ ಕೈಗಿಟ್ಟರು. ಮೂಗಿಗಿಂತ ಮೂಗುತಿ ಭಾರ! ಸೋಮವಾರ ಬೆಳಿಗ್ಗೆ ವ್ಯಾನು ಹೊರಡದಿದ್ದರೆ ಆಸ್ಪತ್ರೆಯವರು ಕೆಲಸವನ್ನು ಬೇರೆಯವರಿಗೆ ಕೊಡುತ್ತಿದ್ದರು.

ಅವಳ ಅಣ್ಣನದೇ ಗ್ಯಾರೇಜಿದೆ. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ, ಅತ್ತೆ ಊರೆಲ್ಲ ಸುತ್ತಿ ಸುಸ್ತಾಗಿ ಶನಿವಾರ ಅಲ್ಲಿಗೆ ಬಂದಳು. ಅಣ್ಣ ವ್ಯಾನಿನ ಕೆಳಗೆ ಬಗ್ಗಿ ನೋಡಿ, ತಾನು ಕೈಹಾಕದೆ ಮಗಳನ್ನು ಕರೆದ. ಅವನ ಮಗಳು ಪುಟ್ಟಿ. ಹೆಸರಿಗಷ್ಟೇ ಪುಟ್ಟಿ, ವಯಸ್ಸು ಮೂವತ್ತು, ತೋಳು ನೋಡಿದರೆ ಪೈಲ್ವಾನರೂ ದಾರಿ ಬಿಡಬೇಕು.

"ಹೊಸದು ಯಾಕತ್ತೆ? ಹಿಂದಕ್ಕೆ ಶಕ್ತಿ ಹೋಗೋದೇ ಬೇಡ. ಮುಂದಿನ ಎರಡು ಚಕ್ರ ಎಳೀಲಿ, ಹಿಂದಿನವು ಸುಮ್ನೆ ಉರುಳ್ಲಿ" ಎಂದಳು ಪುಟ್ಟಿ.

ಆ ಗ್ಯಾರೇಜಿಗೊಂದು ಕಟ್ಟಳೆ ಇತ್ತು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಹೊದಿಕೆಯ ಮೇಲೆ ಸಾಲಾಗಿ ಇಡಬೇಕು, ಮತ್ತು ಸಾಲು ಮುಗಿಯುವವರೆಗೆ ನೋಡುವವರು ತುಟಿ ಬಿಚ್ಚಬಾರದು. ಅತ್ತೆಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ. ವ್ಯಾನಿನುದ್ದಕ್ಕೂ ಹಿಂದಕ್ಕೆ ಶಕ್ತಿ ಒಯ್ಯುವ ಕಬ್ಬಿಣದ ದಂಡ ಹೊದಿಕೆಯ ಮೇಲೆ ಬಂತು. ಹಿಂದಿನ ಚಕ್ರಗಳಿಗೆ ಹೋಗುವ ಎರಡು ಚಿಕ್ಕ ದಂಡಗಳೂ ಬಂದವು. ಅವುಗಳ ತುದಿಯನ್ನಷ್ಟೇ ಪುಟ್ಟಿ ಬಿಡಿಸಿ ಚಕ್ರದಲ್ಲೇ ಉಳಿಸಿದಳು, ಬೇರಿಂಗು ಕಳಚದಿರಲೆಂದು. ದಂಡ ಬಿಚ್ಚಿದ ತೂತುಗಳನ್ನು ಎಣ್ಣೆ ಸೋರದಂತೆ ಮುಚ್ಚಿದಳು. ಅಚ್ಚುಕಟ್ಟು ಎಂದರೆ ಅಚ್ಚುಕಟ್ಟು.

ಸಂಜೆ ವ್ಯಾನು ಶುರುಮಾಡಿ ಗೇರು ಹಾಕಿದಳು. ಎಂಜಿನ್ ಅಬ್ಬರಿಸಿತು. ವ್ಯಾನು ಮಾತ್ರ ಒಂದಂಗುಲ ಕದಲಲಿಲ್ಲ. ಇನ್ನೊಮ್ಮೆ ಹಾಕಿದಳು. ಊಹೂಂ. ಇಂಥ ಕೆಲಸ ಅವಳು ಹಿಂದೆ ಎರಡು ಸಲ ಮಾಡಿದ್ದಳು, ಎರಡು ಸಲವೂ ಗಾಡಿ ಸಲೀಸಾಗಿ ಹೋಗಿತ್ತು. ಅವಳ ಮುಖ ಸಣ್ಣಗಾಯಿತು.

ಅತ್ತೆ ಕಟ್ಟಳೆ ಹಾಳಾಗಲಿ ಎಂದು ಅಣ್ಣನ ಕಡೆ ತಿರುಗಿದಳು. ಮಗಳನ್ನು ಪರೀಕ್ಷೆ ಮಾಡುವುದಕ್ಕೆ ತನ್ನ ಅನ್ನದ ವ್ಯಾನೇ ಬೇಕಿತ್ತೇ, ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯಲ್ಲ ಎಂದು ಚೆನ್ನಾಗಿಯೇ ಉಗಿದಳು.

ಅಣ್ಣ ಕೈ ಒರೆಸುವ ಬಟ್ಟೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. "ನಂಗೂ ಗೊತ್ತಿಲ್ಲ ಕಣೇ" ಎಂದ.

ನಲವತ್ತು ವರ್ಷದಲ್ಲಿ ಅವನ ಬಾಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ. ಅತ್ತೆ ಪಕ್ಕದಲ್ಲಿದ್ದ ಟೈರಿನ ಮೇಲೆ ಕುಸಿದು ಕೂತಳು.

ಪುಟ್ಟಿ ಮಾತ್ರ ಮತ್ತೆ ವ್ಯಾನಿನಡಿ ಸೇರಿದಳು. ತಾಯಿಯಿಲ್ಲದ ಆ ಹುಡುಗಿಗೆ ಜಡೆ ಹಾಕಿದವಳು ಅತ್ತೆಯೇ; ಆ ಮೌನ ಹಟವೋ ಯೋಚನೆಯೋ ಎಂದು ಅವಳಿಗೆ ತಿಳಿಯುತ್ತಿತ್ತು. ಇದು ಯೋಚನೆ. ಸ್ವಲ್ಪ ಹೊತ್ತಿಗೆ ಪುಟ್ಟಿ ಅಪ್ಪನನ್ನು ಕರೆದು, ವ್ಯಾನಿನ ನಡುವೆ ಹಿಂದಕ್ಕೆ ಚಾಚಿಕೊಂಡಿದ್ದ ಮೋಟು ತುದಿ ತೋರಿಸಿದಳು. ಗೇರು ಹಾಕಿದಾಗ ಅದು ಗಿರಗಿರ ತಿರುಗುತ್ತಿತ್ತು.

"ಆವತ್ತಿನ ಎರಡು ಗಾಡೀಲಿ ಇರ್ಲಿಲ್ಲ, ಇದರಲ್ಲಿ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಡಬ್ಬಿ ನಡುವೆ ಇದೆ ಅಪ್ಪ. ಭಾರ ಇಲ್ಲದ ಕಡೆಗೇ ಎಲ್ಲ ಓಡಿಹೋಗುತ್ತೆ. ಕೆಲಸಗಳ್ಳ. ಇದನ್ನ ಒಳಗಿಂದ ಕಟ್ಟಿಹಾಕ್ಬೇಕು."

ಭಾನುವಾರವೆಲ್ಲ ಅದೇ ಕೆಲಸ. ನಡುವಿನ ಡಬ್ಬಿ ಇಳಿಸಿ, ಒಳಗಿನ ಹಲ್ಲಿನ ಚಕ್ರಗಳು ಒಂದು ಬಿಟ್ಟು ಇನ್ನೊಂದು ತಿರುಗದಂತೆ ಪುಟ್ಟಿ ಬೆಸುಗೆ ಹಾಕಿದಳು. ಅಣ್ಣ ದೀಪ ಹಿಡಿದ. ಮೇಲೆ ಹಿಡಿ ಅಂದರೆ ಮೇಲೆ, ಆಚೆ ಅಂದರೆ ಆಚೆ. ಸಂಜೆ ಗೇರು ಹಾಕಿದರೆ ವ್ಯಾನು ಗ್ಯಾರೇಜಿನಿಂದ ರಸ್ತೆಗಿಳಿದು, ನೀರಿನ ಟ್ಯಾಂಕಿನ ಏರು ಹತ್ತಿ, ಸದ್ದಿಲ್ಲದೆ ಹಿಂದಿರುಗಿತು. ಅತ್ತೆ ಪುಟ್ಟಿಯ ಗ್ರೀಸು ಮೆತ್ತಿದ ಕೆನ್ನೆಗೇ ಮುತ್ತಿಟ್ಟಳು. ಕೆಸರಲ್ಲಿ ಮೊದಲಿನ ಹಾಗೆ ನುಗ್ಗಬೇಡ ಎಂದು ಪುಟ್ಟಿ ಮೂರು ಸಲ ಹೇಳಿದಳು.

ಸೋಮವಾರ ನಾಲ್ವರು ರೋಗಿಗಳೂ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ತಲುಪಿದರು. ಇದು ನಮ್ಮ ಪುಟ್ಟಿಯ ಕೈಚಳಕ ಎಂದು ಅತ್ತೆ ನಾಲ್ವರಿಗೂ ಹೇಳಿದಳು, ಕೇಳದಿದ್ದ ಗೇಟಿನವನಿಗೂ ಹೇಳಿದಳು. ರೋಗಿಗಳನ್ನು ಮನೆಗೆ ಬಿಟ್ಟು ಗ್ಯಾರೇಜಿಗೆ ಬಂದರೆ, ಬಾಗಿಲಲ್ಲಿ ಅಂಥದ್ದೇ ಇನ್ನೊಂದು ವ್ಯಾನು ನಿಂತಿತ್ತು. ಅದರ ಮಾಲೀಕ ಅಣ್ಣನನ್ನು ಹಿಡಿದುಕೊಂಡು, ಮೇಸ್ತ್ರಿಗಳೇ, ನೀವೇ ಕೈಯಾರೆ ಮಾಡಿಕೊಡಬೇಕು ಎಂದು ಒತ್ತಾಯಿಸುತ್ತಿದ್ದ.

"ಮೇಸ್ತ್ರಿ ಒಳಗಿದಾಳೆ, ಕೇಳ್ತೀನಿ" ಎಂದ ಅಣ್ಣ. "ದೀಪ ಹಿಡಿಯೋನು ನಾನು."